ಎಣ್ಣಿ ಹಾಕದ ಬೇರೂ ಎಣಿಸು

ಯವ್ವಾ, ತೆಂಗಳಿಲಿಂದ ಗುಲಬರ್ಗಾ ವಿಶ್ವವಿದ್ಯಾಲಯಕ್ಕ ಹೋಗಿ, ತೊಗರಿಗಿ ಹೊಡಿಯೋ ಎಣ್ಣಿ ಕ್ರೋಮೋಸೋಮಿಗಿ ಏನು ಮಾಡ್ತದ ಅಂತ ಪ್ರಾಜೆಕ್ಟ್ ಹಿಡದೀ ಅಂತ ಕೇಳಿ ಖುಷಿ ಆಯ್ತು. ಆದ್ರ ತೊಗರಿ ಬೇರೇ ಬೇಕು ಅಂತ ಹಟ ಮಾಡಬ್ಯಾಡ. ಅದರ ಕ್ರೋಮೋಸೋಮು 22, ಭಾಳ ಸಣ್ಣವು. ಉಳ್ಳಾಗಡ್ಡಿದು 16, ದೊಡ್ಡವು, ಅದರ ಬೇರೇ ತಗೋ. ಊರಿನ ಅಭಿಮಾನ ಆಮ್ಯಾಲ.

ಕ್ರೋಮೋಸೋಮಿನ ತುಂಡು ಅದಲಿಬದಲಿ ಆದದ್ದು ಕಾಣ್ಲಾಕ ನೀ ಹಾಕೋ ಬ್ರೋಮೋಡಿಆಕ್ಸಿಯೂರಿಡಿನ್ ಔಷಧ ಭಾರಿ ಕಪಟಿ. ಥೈಮಿನ್‌ದಾಗ ಮೀಥೈಲ್ ಗುಂಪು ಇರೋ ಜಾಗಾದಾಗ ಇದಕ್ಕ ಬ್ರೋಮಿನ್ ಅದ, ಗಾತ್ರದಾಗ ಎರಡೂ ಹತ್ತಿರ. ಕೋಶಕ್ಕ ಗುರ್ತು ಸಿಗಂಗಿಲ್ಲ. ಡಿಎನ್‌ಎ ನಕಲು ಆಗುವಾಗ ಅಡಿನೀನ್ ಎದುರು ಇದನ್ನೇ ಕುಂದ್ರಸ್ತದ. ಎರಡು ಸಲ ನಕಲಾದ ಮ್ಯಾಲ ಕ್ರೋಮೋಸೋಮಿನ ಎರಡು ಜೋಡಿ ಭಾಗದಾಗ ಒಂದು ಕ್ರೊಮ್ಯಾಟಿಡ್‌ದಾಗ ಎರಡೂ ಎಳಿ ಬ್ರೋಮಿನ್‌ದು, ಅದರ ಜೋಡಿದರಾಗ ಒಂದೇ. ಹೆಕ್ಸ್ಟ್ ಬಣ್ಣ, ಬೆಳಕು, ಗೀಮ್ಸಾ ಮುಗದ್ರ ಮೊದಲಿಂದು ತಿಳಿ, ಎರಡನೇದು ಗಾಢ. 1974ರಾಗ ಪೆರ್ರಿ ಮತ್ತ ವುಲ್ಫ್ ಹಾಕಿಕೊಟ್ಟ ದಾರಿ ಇದು. ಗಾಢ ಬಣ್ಣ ತಟ್ಟನೆ ಆ ಕಡಿ ಜಿಗದಿದ್ರ, ಅಲ್ಲಿ ಎರಡೂ ತುಂಡು ಅದಲಿಬದಲಿ ಮಾಡ್ಕೊಂಡಾವ ಅಂತ ಎಣಿಸು.

ಖರೆ ತೊಡಕು ಇಲ್ಲೇ ಅದ. ಈ ಅದಲಿಬದಲಿ ತೋರಿಸೋ ಔಷಧನೇ ಅದನ್ನ ಹೆಚ್ಚೂ ಮಾಡ್ತದ. ಔಷಧ ಹಾಕದಿದ್ರ ಬಣ್ಣದ ಭೇದ ಇಲ್ಲ, ಹಂಗಾಗಿ ಅದು ಇಲ್ಲದ ಲೆಕ್ಕ ಈ ದಾರಿಲಿಂದ ಸಿಗಂಗೇ ಇಲ್ಲ. ಇದಕ್ಕೂ ಮೊದಲ ವಿಜ್ಞಾನಿ ಹರ್ಬರ್ಟ್ ಟೇಲರ್ ವಿಕಿರಣ ಸೂಸೋ ಟ್ರಿಟಿಯಂ ಹಚ್ಚಿದ ಥೈಮಿಡಿನ್ ಕೊಟ್ಟು ನೋಡಿದಾಗೂ ಇಂಥದೇ ತಕರಾರು ಎದ್ದಿತ್ತು, ವಿಕಿರಣನೇ ತುಂಡು ಮಾಡ್ತದಲ್ಲ ಅಂತ. ಅದಕ್ಕ ಎಣ್ಣಿ ಹಾಕದ ಬೇರಿಗೂ ಅಷ್ಟೇ ಪ್ರಮಾಣದ ಔಷಧ, ಅಷ್ಟೇ ತಾಸು ಕೊಡು. ಬಣ್ಣ ಬ್ಯಾರೆ ಕಾಣೋವಷ್ಟಕ್ಕ ನಿಲ್ಲಿಸು. ಪ್ರಮಾಣ ಏರಿಸಿದ್ರ ಕೋಶ ಒಡಿಯೋದು ತಡ ಆಗ್ತದ. ನೀ ಬೇರು ಕೊಯ್ಯೋ ಹೊತ್ತಿಗಿ ಭಾಳಷ್ಟು ಕೋಶ ಮೊದಲನೇ ಸುತ್ತಿನಾಗೇ ಇರ್ತಾವ, ಎರಡೂ ಕ್ರೊಮ್ಯಾಟಿಡ್ ಒಂದೇ ಬಣ್ಣ. ಅಂಥವು ಎಣಿಕಿಗಿ ಬರಂಗಿಲ್ಲ, ಬಿಟ್ಟುಬಿಡು.

ಬ್ರೋಮಿನ್ ಕುಂತ ಎಳಿ ಬೆಳಕಿಗಿ ಭಾಳ ಲಗೂ ಮುರಿತದ. ರೊಟ್ಟಿ ಸುತ್ತೋ ಫಾಯಿಲ್ ಬಾಟಲಿಗಷ್ಟೇ ಅಲ್ಲ, ಬೇರು ಇಟ್ಟ ಗ್ಲಾಸಿಗೂ ಸುತ್ತು. ನಮ್ಮ ಕಡಿ ಬಿಸಿಲು ಗೊತ್ತಲ್ಲ, ಕಿಟಕಿ ಬಾಜೂ ಅಂತೂ ಬ್ಯಾಡೇ ಬ್ಯಾಡ. ಔಷಧನ ಕೈಗವಸು ಇಲ್ದೆ ಮುಟ್ಟಬ್ಯಾಡ. ಒಮ್ಮೊಮ್ಮೆ ಇದು ಅಡಿನೀನ್ ಬಿಟ್ಟು ಗ್ವಾನಿನ್ ಜೋಡಿ ಕೂಡ್ತದ, ಮುಂದಿನ ನಕಲಿನಾಗ ಅಕ್ಷರನೇ ಬದಲಾಗ್ತದ. ಇದರ ದಾಯಾದಿ ಫ್ಲೋರೋಯುರಾಸಿಲ್‌ನ ಕ್ಯಾನ್ಸರ್ ರೋಗಿಗಳಿಗಿ ಏರಿಸೋದು ಕೋಶ ಒಡಿಯೋದನ್ನ ತಡಿಲಾಕೇ.

ಇನ್ನ ಎಣಿಸ್ಲಾಕ ಕೂಡೋ ಮೊದಲ, ಸ್ಲೈಡಿನ ಮ್ಯಾಲಿನ ಹೆಸರು ಗೆಳತಿ ಕೈಲಿಂದ ಮುಚ್ಚಿಸಿ ಬರೀ ನಂಬರ್ ಹಚ್ಚಸು. ಯಾವುದು ಎಣ್ಣಿದು ಅಂತ ಲೆಕ್ಕ ಮುಗಿಯೋತನ ಕೇಳಬ್ಯಾಡ.