ಸೂರ್ಯ ಕೆರಳಿದರೆ ಭೂಮಿಯ ಮಿಡಿತ ಬದಲಾಗುತ್ತದೆಯೇ?



ಜೋಕಾಲಿಯನ್ನು ಹೇಗೆಂದರೆ ಹಾಗೆ ತಳ್ಳಿದರೆ ಅದು ಜೋರಾಗಿ ಹೋಗೋದಿಲ್ಲ. ಅದರ ಓಟಕ್ಕೆ ಹೊಂದುವಂತೆ, ಸರಿಯಾದ ಸಮಯಕ್ಕೆ ಮೆಲ್ಲಗೆ ತಳ್ಳಿದರೂ ಸಾಕು, ಮೇಲಕ್ಕೆ ಏರುತ್ತದೆ. ಇದನ್ನೇ ಅನುರಣನ ಎನ್ನುತ್ತಾರೆ. ನಮ್ಮ ಭೂಮಿಗೂ ಇಂಥ ಒಂದು ಅನುರಣನ ಇದೆ. ಅಲ್ಲಿ ತಳ್ಳುವ ಕೆಲಸ ಮಿಂಚಿನದು.

ಅದು ಹೇಗೆ?

ಭೂಮಿಯ ನೆಲ ಮತ್ತು ಸಮುದ್ರ ವಿದ್ಯುತ್ ವಾಹಕಗಳು. ಮೇಲೆ ಸುಮಾರು 60 ಕಿ.ಮೀ. ಎತ್ತರದಿಂದ ಅಯಾನುಗೋಳ ಶುರುವಾಗುತ್ತದೆ. ಸೂರ್ಯನ ಕಿರಣಗಳು ಅಲ್ಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುವುದರಿಂದ ಅದೂ ವಿದ್ಯುತ್ ವಾಹಕವೇ. ಕೆಳಗೆ ನೆಲ, ಮೇಲೆ ಚಾವಣಿ, ನಡುವೆ ಗಾಳಿ. ಇಡೀ ಭೂಮಿಯನ್ನು ಸುತ್ತಿದ ಒಂದು ಪಡಸಾಲೆ ಎಂದುಕೊಳ್ಳಿ.

ಪ್ರಪಂಚದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 40ರಿಂದ 50 ಮಿಂಚು ಹೊಡೆಯುತ್ತವೆ. ಅವುಗಳಿಂದ ಹೊರಟ ವಿದ್ಯುತ್ಕಾಂತೀಯ ಅಲೆಗಳು ಈ ಪಡಸಾಲೆಯಲ್ಲಿ ಭೂಮಿಯನ್ನು ಸುತ್ತುತ್ತವೆ. ಒಂದಕ್ಕೊಂದು ಹೊಂದಿಕೊಂಡ ಅಲೆಗಳು ಮಾತ್ರ ಬಲಗೊಂಡು ಉಳಿಯುತ್ತವೆ.

ಒಂದು ಲೆಕ್ಕ

ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಭಾಗಿಸಿದರೆ 7.5. ಅಂದರೆ ಸೆಕೆಂಡಿಗೆ ಏಳೂವರೆ ಸುತ್ತು! ಭೂಮಿ ಗೋಳವಾದ್ದರಿಂದ ಸರಿಯಾದ ಸೂತ್ರದಲ್ಲಿ ಇದನ್ನು 1.41ರಿಂದ ಗುಣಿಸಬೇಕು. ಆಗ 10.6 ಹರ್ಟ್ಸ್ ಬರುತ್ತದೆ. ಆದರೆ ಅಳೆದಾಗ ಸಿಗುವುದು ಸುಮಾರು 7.8 ಹರ್ಟ್ಸ್. ಯಾಕೆ ಕಡಿಮೆ? ಅಯಾನುಗೋಳ ತಗಡಿನಂತೆ ಗಟ್ಟಿ ಚಾವಣಿ ಅಲ್ಲ. ಅಲೆ ಅದರೊಳಗೆ ಸ್ವಲ್ಪ ನುಗ್ಗುತ್ತದೆ, ನಿಧಾನವಾಗುತ್ತದೆ, ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. 7.8 ಅಲ್ಲದೆ ಸುಮಾರು 14, 20, 26 ಹರ್ಟ್ಸ್‌ಗಳಲ್ಲೂ ಅನುರಣನ ಇದೆ.

ಜರ್ಮನಿಯ ಷೂಮನ್ ಎಂಬ ವಿಜ್ಞಾನಿ 1952ರಲ್ಲಿ ಇದನ್ನು ಲೆಕ್ಕದಿಂದಲೇ ಹೇಳಿದರು. 1960ರಲ್ಲಿ ಅಮೆರಿಕದ ಬಾಲ್ಸರ್ ಮತ್ತು ವ್ಯಾಗ್ನರ್ ಅಳೆದು ತೋರಿಸಿದರು. ಅದಕ್ಕೇ ಇದರ ಹೆಸರು ಷೂಮನ್ ಅನುರಣನ.

ಸೂರ್ಯನ ಪಾತ್ರ

ಚಾವಣಿ ಕಟ್ಟಿದವನೇ ಸೂರ್ಯ. ಹಾಗಾಗಿ ಅವನು ಕೆರಳಿದರೆ ಚಾವಣಿ ಬದಲಾಗುತ್ತದೆ. ಸೌರಜ್ವಾಲೆ ಎದ್ದಾಗ ಹೊರಟ ಕ್ಷ-ಕಿರಣಗಳು ಎಂಟು ನಿಮಿಷದಲ್ಲಿ ಭೂಮಿಗೆ ಬಂದು, ಹಗಲಿರುವ ಭಾಗದಲ್ಲಿ ಎಲೆಕ್ಟ್ರಾನುಗಳನ್ನು ಹೆಚ್ಚಿಸುತ್ತವೆ. ಚಾವಣಿ ಗಟ್ಟಿಯಾಗುತ್ತದೆ. ಅಲೆ ಒಳಗೆ ನುಗ್ಗುವುದು ಕಡಿಮೆಯಾಗಿ, ಅದರ ವೇಗ ಸ್ವಲ್ಪ ಹೆಚ್ಚುತ್ತದೆ. ಆಗ ಮೊದಲ ಆವೃತ್ತಿ ಸುಮಾರು 0.2 ಹರ್ಟ್ಸ್‌ನಷ್ಟು ಏರಿದ್ದು ದಾಖಲಾಗಿದೆ. ಜ್ವಾಲೆ ಇಳಿದ ಮೇಲೆ ಮತ್ತೆ ಮೊದಲಿನಂತೆ. ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುವಾಗಲೂ ಇಂಥದೇ ಸಣ್ಣ ಏರಿಳಿತ ಕಾಣುತ್ತದೆ.

ಈ ಕ್ಷ-ಕಿರಣಗಳನ್ನು ಅಳೆಯುವ ಉಪಕರಣಗಳು ನಮ್ಮ ಆದಿತ್ಯ-ಎಲ್1 ನೌಕೆಯಲ್ಲೂ ಇವೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆಯ ಕ್ಷ-ಕಿರಣ ಉಪಕರಣಗಳು ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ!

ನಂಬಬೇಡಿ

"ಭೂಮಿಯ ಹೃದಯ ಬಡಿತ ಜಾಸ್ತಿಯಾಗ್ತಾ ಇದೆ, ಇನ್ನು ದಿನಕ್ಕೆ 24 ಗಂಟೆ ಇರೋದಿಲ್ಲ, ಅದಕ್ಕೇ ತಲೆನೋವು, ನಿದ್ದೆಗೇಡು" ಎಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡುತ್ತದೆ. ಕೆಲವರು ಇದೇ ಹೆಸರಲ್ಲಿ ಯಂತ್ರಗಳನ್ನೂ ಮಾರುತ್ತಾರೆ. ಸ್ವಲ್ಪ ಯೋಚಿಸಿ. 7.8 ಎಂಬುದು ಭೂಮಿಯ ಗಾತ್ರ, ಬೆಳಕಿನ ವೇಗ ಮತ್ತು ಚಾವಣಿಯಿಂದ ಬಂದ ಸಂಖ್ಯೆ. ಮೊದಲಿನ ಎರಡು ಬದಲಾಗೋದಿಲ್ಲ. ಮೂರನೆಯದು ಬದಲಾದರೂ ವ್ಯತ್ಯಾಸ ದಶಾಂಶದಲ್ಲಿ. ಇನ್ನು ದಿನದ ಉದ್ದ ಭೂಮಿ ತಿರುಗುವುದಕ್ಕೆ ಸೇರಿದ್ದು, ಮಿಂಚಿನ ಅಲೆಗೆ ಸೇರಿದ್ದಲ್ಲ. ತಲೆನೋವು ಬಂದರೆ ಡಾಕ್ಟರ ಹತ್ತಿರ ಹೋಗಬೇಕೇ ಹೊರತು ಯಂತ್ರಕ್ಕೆ ದುಡ್ಡು ಸುರಿಯಬಾರದು.

ನಿಜವಾದ ಉಪಯೋಗ ಬೇರೆಯೇ ಇದೆ. ಒಂದೇ ಕಡೆ ಕುಳಿತು ಈ ಅಲೆಗಳನ್ನು ಅಳೆದರೆ ಇಡೀ ಭೂಮಿಯಲ್ಲಿ ಗುಡುಗು ಮಿಂಚು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಬಹುದು. ಉಷ್ಣವಲಯ ಬಿಸಿಯಾದರೆ ಮಿಂಚು ಹೆಚ್ಚುವುದರಿಂದ, ಇದನ್ನು ಭೂಮಿಯ ತಾಪಮಾಪಕದಂತೆ ಬಳಸಬಹುದೆಂದು 1992ರಲ್ಲಿ ಅರ್ಲ್ ವಿಲಿಯಮ್ಸ್ ಎಂಬ ವಿಜ್ಞಾನಿ ತೋರಿಸಿದರು.

ಉತ್ತರಿಸಿ ನೋಡೋಣ

1. ಚಂದ್ರನ ಮೇಲೆ ಮೋಡವೂ ಇಲ್ಲ, ಮಿಂಚೂ ಇಲ್ಲ. ಅಲ್ಲಿ ಇಂಥ ಅನುರಣನ ಇರಲು ಸಾಧ್ಯವೇ?
2. ಸೌರಜ್ವಾಲೆಯ ಕ್ಷ-ಕಿರಣಗಳ ಪರಿಣಾಮ ರಾತ್ರಿ ಇರುವ ಕಡೆ ನೇರವಾಗಿ ಆಗುವುದಿಲ್ಲ. ಯಾಕೆ?

ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರಿಗೆ ಕೊಡಿ. ಸರಿಯುತ್ತರ ಕೊಟ್ಟವರ ಹೆಸರು ಮುಂದಿನ ಸಂಚಿಕೆಯಲ್ಲಿ.