ಸರಳ ಬದುಕಿನ ಉಳಿತಾಯ ಯಾರ ಪಾಲಿಗೆ?

ಸಂಬಳ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೂ ತಿಂಗಳ ಕೊನೆಗೆ ದುಡ್ಡು ಉಳಿಯುತ್ತದೆ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಂಬುವುದಿಲ್ಲ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕೊಂದರಲ್ಲಿದ್ದ ಕೆಲಸ ಬಿಟ್ಟು, ಕಸ ವಿಂಗಡಣೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಸೇರಿದವಳು ನಾನು. ಮನೆ ಬದಲಾಗಿಲ್ಲ. ದೊಡ್ಡನೆಕ್ಕುಂದಿಯ ಊರೊಳಗೆ ಅದೇ ಬಾಡಿಗೆ ಮನೆ. ಬದಲಾಗಿದ್ದು ಖರ್ಚಿನ ರೀತಿ.

ಪರಿಸರಸ್ನೇಹಿ ಬದುಕು ಉಳ್ಳವರಿಗೆ ಮಾತ್ರ ಎಂದು ಹಲವರು ಹೇಳುತ್ತಾರೆ. ಅದನ್ನು ಅಂಗಡಿಯಿಂದ ತರಲು ಹೊರಟರೆ ಆ ಮಾತು ನಿಜ. ಸಾವಯವ ಅಕ್ಕಿ, ಕೈಮಗ್ಗದ ಬಟ್ಟೆ, ಎಲೆಕ್ಟ್ರಿಕ್ ಕಾರು ಯಾವುದೂ ಅಗ್ಗವಲ್ಲ. ಆದರೆ ನನ್ನ ಪಟ್ಟಿಯಲ್ಲಿರುವುದು ಹೆಚ್ಚಾಗಿ ಕೊಳ್ಳದೆ ಬಿಟ್ಟದ್ದು. ಸ್ಕೂಟರ್ ಮಾರಿದೆ. ವರ್ತುಲ ರಸ್ತೆಯವರೆಗೆ ನಡೆದರೆ 500 ಸರಣಿಯ ಬಸ್ಸುಗಳು ಸಿಗುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಗಂಡಸರಿಗೂ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯ ದರ ಏರಿಕೆಯ ಮೇಲೆ 1,200 ರೂಪಾಯಿ. ಪೆಟ್ರೋಲು, ವಿಮೆ, ಸರ್ವೀಸು ಮೂರನ್ನೂ ಕೂಡಿಸಿ ಇದರ ಪಕ್ಕ ಇಟ್ಟು ನೋಡಿ. ಮೆಟ್ರೊ ಮಾತ್ರ ಈಗ ಅಷ್ಟು ಹಗುರವಲ್ಲ, 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹಾಗಾಗಿ ಪೇಟೆಯ ಆಚೆ ತುದಿಗೆ ಹೋಗಬೇಕಾದಾಗಷ್ಟೇ ಕೆ.ಆರ್. ಪುರದಿಂದ ಮೆಟ್ರೊ ಹತ್ತುತ್ತೇನೆ. ತರಕಾರಿ ಸಂತೆಯಿಂದ ಬರುತ್ತದೆ, ಅಡುಗೆಮನೆಯ ಹಸಿಕಸ ಬಾಲ್ಕನಿಯ ಮಡಕೆಯಲ್ಲಿ ಗೊಬ್ಬರವಾಗುತ್ತದೆ, ಕೆಟ್ಟ ಮಿಕ್ಸಿ ರಿಪೇರಿಗೆ ಹೋಗುತ್ತದೆ. ಎಸಿ ಇಲ್ಲದ ಮನೆಗೆ ಗೃಹಜ್ಯೋತಿಯ ಮಿತಿ ಸಾಲುತ್ತದೆ.

ಇದರಿಂದ ತಿಂಗಳಿಗೆ ಎಷ್ಟು ಉಳಿಯಿತು ಎಂಬುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸ್ವಯಂಸೇವಾ ಸಂಸ್ಥೆಗಳ ಕೆಲಸ ಬಹುಪಾಲು ಯೋಜನೆಗೆ ಅಂಟಿಕೊಂಡಿರುತ್ತದೆ. ಮಾರ್ಚ್ 31ಕ್ಕೆ ಅನುದಾನ ಮುಗಿದು, ಹೊಸದರ ಮಂಜೂರಾತಿ ಜೂನ್‌ಗೋ ಜುಲೈಗೋ ಬಂದರೆ ನಡುವಿನ ತಿಂಗಳುಗಳನ್ನು ನಾವೇ ದಾಟಬೇಕು. ಅದಕ್ಕೆ ಆರು ತಿಂಗಳ ಖರ್ಚಿನಷ್ಟು ಆಪದ್ಧನ ಇರಲೇಬೇಕು. ತಿಂಗಳಿಗೆ 45,000 ಖರ್ಚಿರುವವರು 2.7 ಲಕ್ಷ ಕೂಡಿಡಬೇಕು. 25,000ದಲ್ಲಿ ಬದುಕುವವರಿಗೆ 1.5 ಲಕ್ಷ ಸಾಕು. ಈ ದುಡ್ಡು ಬ್ಯಾಂಕಿನಲ್ಲಿದ್ದರೆ ಒಪ್ಪಿಗೆಯಾಗದ ಷರತ್ತಿಗೆ 'ಆಗುವುದಿಲ್ಲ' ಎನ್ನುವ ಧೈರ್ಯ ಬರುತ್ತದೆ. ಸರಳವಾಗಿ ಬದುಕುವವರಿಗೆ ಆ ಧೈರ್ಯ ಬೇಗ ಕೈಗೆಟಕುತ್ತದೆ. ಈ ಕ್ಷೇತ್ರಕ್ಕೆ ಬರುವ ಎಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಳೆಯ ಕೆಲಸ ಬಿಡುವ ಮುನ್ನ ಆ ಮೊತ್ತ ಕೂಡಿಡಿ.

ಆ ಧೈರ್ಯ ನನಗೆ ಮೊದಲು ಬೇಕಾದದ್ದು ಸಂದರ್ಶನದ ಕೋಣೆಯಲ್ಲಿ. ಎಲ್ಲ ಮಾತು ಮುಗಿದ ಮೇಲೆ ಎದುರಿಗೆ ಕೂತವರು ಕೇಳಿದರು: "ನಿಮಗೆ ಗಾಡಿ ಇಲ್ಲ, ಖರ್ಚೂ ಕಮ್ಮಿ ಅಂತೀರಿ. ಇದರಲ್ಲೇ ಸುಧಾರಿಸ್ಕೊಳ್ಳೋಕೆ ಆಗಲ್ವಾ ಮೇಡಂ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರ ಸಂಬಳವೂ ದೊಡ್ಡದಾಗಿರಲಿಲ್ಲ. ಆದರೂ ಹೇಳಿದೆ: "ಸರ್, ನನ್ನ ಖರ್ಚು ನನಗೆ ಬಿಡಿ. ಈ ಕೆಲಸಕ್ಕೆ ಎಷ್ಟು ಅನ್ನೋದನ್ನ ಮಾತಾಡೋಣ." ಬಸ್ಸಿನಲ್ಲಿ ಓಡಾಡಿ ನಾನು ಉಳಿಸುವ ದುಡ್ಡು ನನ್ನ ಮುಪ್ಪಿಗೆ, ನನ್ನ ಅಮ್ಮನ ಆಸ್ಪತ್ರೆ ಖರ್ಚಿಗೆ. ಸಂಸ್ಥೆಗೆ ಕೊಡುವುದಾದರೆ ದೇಣಿಗೆ ಎಂದು ಹೇಳಿ, ರಸೀದಿ ಪಡೆದು ಕೊಡುತ್ತೇನೆ.

ಅಲ್ಲಿ ಮೊದಲು ಮುಂದಿಟ್ಟದ್ದು ಕನ್ಸಲ್ಟೆಂಟ್ ಕರಾರು. ಈ ಕ್ಷೇತ್ರದಲ್ಲಿ ಅದು ತೀರಾ ಸಾಮಾನ್ಯ. ಹೊಸಬರು ಎಡವುವುದೂ ಅಲ್ಲೇ, ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ತಿಂಗಳಿಗೆ 40,000 ಎಂದಿಟ್ಟುಕೊಳ್ಳಿ. ಕನ್ಸಲ್ಟೆಂಟ್ ಆದರೆ ಸಾಮಾನ್ಯವಾಗಿ ಶೇ 10 ಟಿಡಿಎಸ್ ಕಳೆದು 36,000 ಕೈಗೆ ಬರುತ್ತದೆ. ಕಡಿತವಾದ 4,000ವನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅದರಾಚೆಗೆ ಏನೂ ಇಲ್ಲ. ಅದೇ 40,000ವನ್ನು ಸಂಸ್ಥೆ ನೌಕರಿಯ ಒಟ್ಟು ವೆಚ್ಚವಾಗಿ ಕೊಟ್ಟರೆ, 15,000ದ ಮಿತಿಯ ಮೇಲೆ ಸಂಸ್ಥೆಯ ಪಿಎಫ್ 1,800, ನಮ್ಮದು 1,800, ವೃತ್ತಿ ತೆರಿಗೆ 200 ಎಲ್ಲ ಕಳೆದು ಕೈಗೆ ಬರುವುದು ಇಲ್ಲೂ ಸುಮಾರು 36,000ವೇ. ಆದರೆ ಇಲ್ಲಿ ತಿಂಗಳಿಗೆ 3,600 ನಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ, ಅದರಲ್ಲಿ 1,250 ಪಿಂಚಣಿಗೆ. ಪಿಎಫ್ ಜೊತೆಗೇ ಗರಿಷ್ಠ 7 ಲಕ್ಷದವರೆಗಿನ ಜೀವವಿಮೆ ಇದೆ. ಗ್ರಾಚ್ಯುಟಿಯ ಹಕ್ಕೂ ಸೇರುತ್ತದೆ. ಮೂಲ ವೇತನ 20,000 ಇದ್ದು ಐದು ವರ್ಷ ದುಡಿದರೆ ಅದು ಸುಮಾರು 57,700 ರೂಪಾಯಿ. ಐದು ವರ್ಷ ಯಾರು ಇರುತ್ತಾರೆ ಎನ್ನುವವರಿಗೆ ಒಂದು ಸಂಗತಿ: 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ. ಯೋಜನೆಯಿಂದ ಯೋಜನೆಗೆ ಜಿಗಿಯುವ ನಮ್ಮಂಥವರಿಗೆ ಇದು ದೊಡ್ಡ ಬದಲಾವಣೆ. ಕನ್ಸಲ್ಟೆಂಟ್‌ಗೆ ಇದೂ ಸಿಗುವುದಿಲ್ಲ.

'ನಮ್ಮಲ್ಲಿ 20 ಜನ ಇಲ್ಲ, ಪಿಎಫ್ ಕಡ್ಡಾಯವಲ್ಲ' ಎಂಬ ಉತ್ತರ ಬರಬಹುದು. ಚಿಕ್ಕ ಸಂಸ್ಥೆಗಳು ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಅದನ್ನು ಕೇಳಿ. ಅದೂ ಆಗದಿದ್ದರೆ ಅಂಚೆ ಕಚೇರಿಯಲ್ಲಿ ಪಿಪಿಎಫ್ ತೆರೆದು, ಸಂಭಾವನೆ ಬಂದ ದಿನವೇ ಅದಕ್ಕೆ ಹಾಕಿ. ನಾನು ಕೇಳಿದ್ದಕ್ಕೆ ಆ ಸಂಸ್ಥೆ ಒಪ್ಪಿತು, ಕನ್ಸಲ್ಟೆಂಟ್ ಕರಾರಿನ ಬದಲು ನೌಕರಿಯ ಪತ್ರ ಕೊಟ್ಟಿತು.

ಸಂಬಳ ಕಡಿಮೆಯಿರಲು ಸಂಸ್ಥೆಗಳಷ್ಟೇ ಕಾರಣವಲ್ಲ. ಸಸಿ, ಕಸದ ಬುಟ್ಟಿ, ಹೆಸರು ಬರೆಸಿದ ಕಲ್ಲುಬೆಂಚಿಗೆ ದುಡ್ಡು ಕೊಡುವ ದಾನಿಗಳು ಲೆಕ್ಕ ಬರೆಯುವವರ ಸಂಬಳಕ್ಕೆ ಕೊಡುವುದಿಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಇದ್ದ ಶೇ 50ರ ಮಿತಿಯನ್ನು 2020ರ ತಿದ್ದುಪಡಿ ಶೇ 20ಕ್ಕೆ ಇಳಿಸಿತು. ಮನೆಮನೆಗೆ ಹೋಗಿ ಹಸಿ, ಒಣ ಎಂದು ಹೇಳಿಕೊಡುವುದೇ ಕೆಲಸವಾಗಿರುವಲ್ಲಿ ಸಂಬಳವೇ ಯೋಜನೆ. ಅದನ್ನು ದಾನಿಗಳಿಗೆ ಬಿಡಿಸಿ ಹೇಳುವುದೂ ನಮ್ಮ ಕೆಲಸವೇ.

ಕೆ.ಆರ್. ಪುರ ದಾಟಿದರೆ ಸಿಗುವ ಮಂಡೂರಿನ ಜನ ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸಹಿಸಿ, ರಸ್ತೆಗಿಳಿದು ಹೋರಾಡಿ, ಡಿಸೆಂಬರ್ 2014ರಿಂದ ಅಲ್ಲಿ ಕಸ ಸುರಿಯುವುದಿಲ್ಲ ಎಂಬ ಮಾತನ್ನು ಸರ್ಕಾರದಿಂದ ಪಡೆದರು. ನಗರ ಕಸವನ್ನು ವಿಂಗಡಿಸಲು ಕಲಿತದ್ದು ಆ ಒತ್ತಡದಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಅದನ್ನು ಮಾಡುತ್ತಿದ್ದವರು ಕಸ ಆಯುವವರು. ಈ ನಗರದಲ್ಲಿ ಅತಿ ಕಡಿಮೆ ಇಂಧನ ಸುಡುವ, ಅತಿ ಕಡಿಮೆ ಕೊಳ್ಳುವ ಬದುಕು ಅವರದು. ಅದು ಅವರು ಆರಿಸಿಕೊಂಡದ್ದಲ್ಲ. ಅವರ ಖರ್ಚು ಕಡಿಮೆ, ಹಾಗಾಗಿ ಕೂಲಿಯೂ ಕಡಿಮೆ ಸಾಕು ಎಂದು ಯಾರಾದರೂ ಹೇಳಿದರೆ ನಮಗೆ ಸಿಟ್ಟು ಬರುತ್ತದೆ, ಬರಬೇಕು. 2011ರಲ್ಲಿ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಸ್ಥೆಗಳು ಅವರನ್ನು ಸಂಘಟಿಸಿದ ಮೇಲೆ ಹಲವರು ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಗಳನ್ನು ತಾವೇ ನಡೆಸುವಂತಾಯಿತು. ಪರಿಸರದ ಕೆಲಸಕ್ಕೆ ಕೂಲಿಯೂ ಭದ್ರತೆಯೂ ಬೇಕು ಎಂಬ ಮಾತನ್ನು ನಾನು ಕಲಿತದ್ದು ಆ ಕೇಂದ್ರಗಳಲ್ಲಿ, ರಟ್ಟು, ಹಾಲಿನ ಕವರು, ಬಾಟಲಿಗಳನ್ನು ಬೇರೆ ಮಾಡುತ್ತ ಕೂತ ಹೆಂಗಸರ ಬಾಯಿಂದ.

ಆದ್ದರಿಂದ ಸಂದರ್ಶನಕ್ಕೆ ಹೋಗುವ ಮುನ್ನ ಆ ಸಂಸ್ಥೆಯ ವಾರ್ಷಿಕ ವರದಿಯನ್ನು ತರಿಸಿಕೊಂಡು ಹಿಂದಿನ ಪುಟಗಳ ಲೆಕ್ಕಪತ್ರ ಓದಿ. ಸಿಬ್ಬಂದಿ ವೇತನ, ವೃತ್ತಿಪರ ಶುಲ್ಕ ಎಂದು ಎರಡು ಸಾಲುಗಳಿರುತ್ತವೆ. ಎರಡನೆಯದು ಮೊದಲಿನದಕ್ಕಿಂತ ಬಹಳ ದೊಡ್ಡದಿದ್ದರೆ ಜನರನ್ನು ಕನ್ಸಲ್ಟೆಂಟ್‌ಗಳಾಗಿ ಇಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಯಾಕೆ ಹಾಗೆ ಎಂದು ನೇರವಾಗಿ ಕೇಳಿ. ಎಷ್ಟು ದಾನಿಗಳಿದ್ದಾರೆ, ಒಬ್ಬರು ಕೈಬಿಟ್ಟರೆ ಎಷ್ಟು ತಿಂಗಳು ನಡೆಯುತ್ತದೆ, ಕ್ಷೇತ್ರದಲ್ಲಿ ಓಡಾಡುವ 21,000ದೊಳಗಿನ ಸಂಬಳದವರಿಗೆ ಇಎಸ್‌ಐ ಇದೆಯೇ ಎಂಬುದನ್ನೂ ಕೇಳಿ. ಒಳ್ಳೆಯ ಸಂಸ್ಥೆಗಳು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಪತ್ರಗಳನ್ನು ತೆಗೆದು ತೋರಿಸುತ್ತವೆ.