ಮಳೆ ಬಂದಾಗಲೆಲ್ಲ ನಾಯಿಯ ಪಾದದಲ್ಲಿ ಕೀವು

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ಮಳೆಗಾಲ ಶುರುವಾಯಿತೆಂದರೆ ಎರಡೂ ಮುಂಗಾಲುಗಳ ಬೆರಳ ಸಂದಿ ಕೆಂಪಾಗಿ, ಗುಳ್ಳೆ ಎದ್ದು ಕೀವು ಸೋರುತ್ತದೆ. ಹಗಲೂ ರಾತ್ರಿ ನೆಕ್ಕುತ್ತಾನೆ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನೆಣ್ಣೆ ಎಲ್ಲ ಹಚ್ಚಿದ್ದಾಯಿತು. ಐದು ದಿನ ಮಾತ್ರೆ ಕೊಟ್ಟರೆ ಇಳಿಯುತ್ತದೆ, ತಿಂಗಳೊಳಗೆ ಮತ್ತೆ ಹಾಜರ್. ಮನೆಮದ್ದಿನಲ್ಲೇ ಗುಣವಾಗುವುದಿಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಪಾದದ ವಿಷಯದಲ್ಲಿ ಇದು ಪೂರ್ತಿ ತಿರುಗುಮುರುಗು. ಎಂಜಲಿನ ತೇವ ಬೆರಳ ಸಂದಿಯಲ್ಲಿ ನಿಂತರೆ ಚರ್ಮದ ಮೇಲೆ ಮೊದಲೇ ಇರುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಎರಡೂ ಕೊಬ್ಬುತ್ತವೆ. ಕಡಿತ ಹೆಚ್ಚುತ್ತದೆ, ಅವನು ಇನ್ನಷ್ಟು ನೆಕ್ಕುತ್ತಾನೆ. ಅದರ ಮೇಲೆ ನೀವು ಎಣ್ಣೆ ಬಳಿದರೆ ತೇವಕ್ಕೆ ಮುಚ್ಚಳ ಹಾಕಿದಂತೆ. ಅರಿಶಿನದಿಂದ ದೊಡ್ಡ ಅಪಾಯವೇನಿಲ್ಲ, ಆದರೆ ಸಂದಿಯಲ್ಲಿ ಹೆಪ್ಪುಗಟ್ಟಿ ಕೂತ ಅರಿಶಿನ ತೆಗೆಯುವುದೇ ನಮಗೊಂದು ಕೆಲಸ!

ಮನೆಯಲ್ಲಿ ಮಾಡಬಹುದಾದದ್ದು ಇದೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪುಡಿ ಉಪ್ಪು ಹಾಕಿ, ದಿನಕ್ಕೆರಡು ಸಲ ಐದು ನಿಮಿಷ ಪಾದ ಅದ್ದಿಡಿ. ಆ ನೀರು ಕುಡಿಯಲು ಬಿಡಬೇಡಿ. ಉಪ್ಪು ಜಾಸ್ತಿಯಾದರೆ ಉರಿಯುತ್ತದೆ, ಮರುದಿನ ಅವನು ಬಕೆಟ್ ಕಂಡರೇ ಓಡುತ್ತಾನೆ. ಉಪ್ಪಿನ ಬದಲು ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿಯೂ ತೊಳೆಯಬಹುದು. ಆಮೇಲೆ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒಂದೊಂದೇ ಸಂದಿಯನ್ನು ಒತ್ತಿ ಒಣಗಿಸಿ. ತೊಳೆಯುವುದಕ್ಕಿಂತ ಈ ಒಣಗಿಸುವುದೇ ಮುಖ್ಯ, ಎಲ್ಲರೂ ಬಿಡುವುದೂ ಇದನ್ನೇ. ತೋಟದಿಂದ ಬಂದಾಗಲೆಲ್ಲ ಹೀಗೆ ಮಾಡಿ, ಸಂದಿಯಲ್ಲಿ ಉಣ್ಣೆ ಕಚ್ಚಿದೆಯೇ ಎಂದೂ ಬೆರಳಾಡಿಸಿ ನೋಡಿ. ಹುಣ್ಣು ಒಣಗುವವರೆಗೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಇರಲಿ.

ಸೀಮೆಎಣ್ಣೆ, ಫಿನಾಯಿಲ್, ಕರ್ಪೂರದೆಣ್ಣೆ ಖಂಡಿತ ಬೇಡ, ನೆಕ್ಕಿದರೆ ವಿಷ. ನೋವೆಂದು ನಿಮ್ಮ ಐಬುಪ್ರೊಫೇನ್, ಡೈಕ್ಲೊಫಿನಾಕ್ ಕೊಡಬೇಡಿ. ಇವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡಕ್ಕೂ ಏಟು ಕೊಡುತ್ತವೆ.

ಇನ್ನು, ಮತ್ತೆ ಮತ್ತೆ ಬರುವುದೇಕೆ? ಒಂದು ಕಾರಣ ನಿಮ್ಮ ಪತ್ರದಲ್ಲೇ ಇದೆ: ಐದು ದಿನದ ಮಾತ್ರೆ. ಚರ್ಮದ ಕೀವಿಗೆ ಸಾಮಾನ್ಯವಾಗಿ ಮೂರು ವಾರ, ಆಳದ ಗುಳ್ಳೆಗೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಮದ್ದಿಗೆ ಜಗ್ಗದಂತಾಗುತ್ತದೆ. ಎರಡನೆಯದು, 'ಎರಡೂ ಮುಂಗಾಲು' ಎಂದಿದ್ದೀರಿ. ಒಂದೇ ಕಾಲಿನ ಒಂದೇ ಸಂದಿಯಾಗಿದ್ದರೆ ಒಳಗೆ ಮುಳ್ಳೋ ಹುಲ್ಲಿನ ಸೂಜಿಯೋ ಹೊಕ್ಕಿದೆ ಎನ್ನುತ್ತಿದ್ದೆ. ಎರಡೂ ಕಡೆ ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಅಲರ್ಜಿಯ ಮೇಲೆ. ಕಿವಿಯನ್ನೂ ಕೆರೆದುಕೊಳ್ಳುತ್ತಾನೆಯೇ ಗಮನಿಸಿ. ಹೌದಾದರೆ ಅನುಮಾನ ಗಟ್ಟಿ. ಧೂಳಿನ ನುಸಿ, ಬೂಸ್ಟು, ಪರಾಗ, ಚಿಗಟ, ತಿನ್ನುವ ಆಹಾರ, ಯಾವುದೂ ಇರಬಹುದು. ಆಹಾರ ಹೌದೋ ಅಲ್ಲವೋ ತಿಳಿಯಲು ಅವನು ಈವರೆಗೆ ತಿನ್ನದ ಒಂದೇ ಬಗೆಯ ಮಾಂಸ ಕೊಟ್ಟು ಎಂಟು ವಾರ ಕಾಯಬೇಕು. ಆ ಅವಧಿಯಲ್ಲಿ ಒಂದು ಬಿಸ್ಕತ್ತು ಕೊಟ್ಟರೂ ಪರೀಕ್ಷೆ ಕೆಟ್ಟಂತೆ. ಅಜ್ಜಿಯರಿರುವ ಮನೆಯಲ್ಲಿ ಇದು ಕಷ್ಟ, ಬಲ್ಲೆ. ಡೆಮೊಡೆಕ್ಸ್ ಎಂಬ ನುಸಿಯೂ ಹೀಗೆ ಕಾಡುತ್ತದೆ, ಅದಕ್ಕೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೈಭಾರ ಹೆಚ್ಚಿದ್ದರೆ ಅದನ್ನೂ ಇಳಿಸಿ. ಭಾರಕ್ಕೆ ಪಾದ ಅಗಲಗೊಂಡು ಸಂದಿಯ ಚರ್ಮ ನೆಲಕ್ಕೆ ಉಜ್ಜುತ್ತದೆ.

ಹಾಗಾಗಿ ಮನೆಮದ್ದು ಜೊತೆಗಿರಲಿ, ಅದೊಂದೇ ಸಾಲದು. ಕುಂಟುತ್ತಿದ್ದರೆ, ಊತ ಮೇಲಕ್ಕೇರಿದ್ದರೆ, ಊಟ ಬಿಟ್ಟಿದ್ದರೆ ಇವತ್ತೇ ಹೊರಡಿ. ಇಲ್ಲವಾದರೂ ಈ ವಾರದಲ್ಲಿ ಪಶುವೈದ್ಯರಿಗೆ ತೋರಿಸಿ. ಹೋಗುವ ದಿನ ಪಾದಕ್ಕೆ ಏನೂ ಹಚ್ಚಬೇಡಿ, ಕೀವಿನ ಮಾದರಿ ತೆಗೆಯಬೇಕಾಗುತ್ತದೆ. ಈವರೆಗೆ ಕೊಟ್ಟ ಮಾತ್ರೆಗಳ ಚೀಟಿಯನ್ನು ಮರೆಯದೆ ಒಯ್ಯಿರಿ.